ಬ್ರೌಸರ್ ಸ್ಲೈಡ್‌ಗಳನ್ನು ಕಮಾಂಡ್ ಲೈನ್‌ನಿಂದ ಪಿಡಿಎಫ್ ಮಾಡುವುದು ಹೇಗೆ

ಸ್ಲೈಡ್‌ಗಳನ್ನು ವೆಬ್ ಪೇಜ್ ಆಗಿ ಬರೆಯುವುದು ಒಂದು ಸಲ ಕೈಗೆ ಹತ್ತಿದರೆ ಬೇರೆ ಯಾವುದೂ ಬೇಡ ಅನ್ನಿಸುತ್ತದೆ. ಎಲ್ಲಾ ಬರೀ ಪಠ್ಯ. ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು, ಕೋಡ್‌ಗೆ ಬಣ್ಣ ತಾನಾಗೇ ಬರುತ್ತದೆ, ಯಾವ ಕಂಪ್ಯೂಟರ್‌ನಲ್ಲಾದರೂ ಬ್ರೌಸರ್ ಇದ್ದರೆ ಸಾಕು. ಆದರೆ ಮಾತು ಮುಗಿಸಿ ವೇದಿಕೆ ಇಳಿಯುತ್ತಿದ್ದ ಹಾಗೇ ಯಾರಾದರೂ ಬಂದು ಕೇಳುವುದು ಒಂದೇ: ‘ಪಿಡಿಎಫ್ ಇದ್ರೆ ಕಳಿಸ್ತೀರಾ?’ ಕೇಳುವುದರಲ್ಲಿ ತಪ್ಪೇನಿಲ್ಲ. ಪಿಡಿಎಫ್ ನೆಟ್ ಇಲ್ಲದೆಯೂ ತೆರೆಯುತ್ತದೆ, ಪ್ರಿಂಟ್ ಹಾಕಬಹುದು, ಐದು ವರ್ಷ ಬಿಟ್ಟು ನೋಡಿದರೂ ಹಾಗೇ ಇರುತ್ತದೆ. ವೆಬ್ ಸ್ಲೈಡ್ ಹಾಗಲ್ಲ, ಎಲ್ಲೋ ಒಂದು ಫಾಂಟ್‌ನ ಲಿಂಕ್ ಸತ್ತರೂ ರೂಪ ಕೆಡುತ್ತದೆ.

ಒಂದೇ ಸಲದ ಕೆಲಸವಾದರೆ ಬ್ರೌಸರ್‌ನ ಪ್ರಿಂಟ್ ಬಟನ್ ಒತ್ತಿ ಮುಗಿಸಬಹುದು. ಆದರೆ ಸ್ಲೈಡ್ ಒಂದೇ ಸಲಕ್ಕೆ ಎಲ್ಲಿ ಮುಗಿಯುತ್ತದೆ? ಒಂದು ಅಂಕಿ ತಿದ್ದುತ್ತೀರಿ, ಒಂದು ಚಿತ್ರ ಬದಲಿಸುತ್ತೀರಿ, ಪ್ರತಿ ಸಲವೂ ಮಾರ್ಜಿನ್ ತೆಗೆ, ಅಡ್ಡ ಪೇಜ್ ಮಾಡು, ಹಿನ್ನೆಲೆ ಬಣ್ಣಕ್ಕೆ ಟಿಕ್ ಹಾಕು ಅಂತ ಅದೇ ಕ್ಲಿಕ್‌ಗಳು. ಹತ್ತನೇ ಸಲಕ್ಕೆ ಒಂದು ಟಿಕ್ ಮರೆತೇ ಹೋಗುತ್ತದೆ. ಕಮಾಂಡ್ ಮರೆಯುವುದಿಲ್ಲ. ನಾನು ಈ ದಾರಿಗೆ ಬಂದಿದ್ದೂ ಅದಕ್ಕೇ. ಒಮ್ಮೆ ತರಬೇತಿಗೆ ಬಂದವರಿಗೆಲ್ಲ ಕಳಿಸಿದ ಪಿಡಿಎಫ್‌ನಲ್ಲಿ ಹಿನ್ನೆಲೆಯ ಕಪ್ಪು ಬಣ್ಣ ಬಂದಿರಲಿಲ್ಲ, ಅಕ್ಷರ ಮಾತ್ರ ಬಿಳಿಯಾಗೇ ಉಳಿದಿತ್ತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ, ಯಾರಿಗೂ ಏನೂ ಓದಲಾಗಲಿಲ್ಲ.

ಶುರು ಮಾಡುವ ಮುಂಚೆ ಒಂದು ವಿಷಯ. ಕಮಾಂಡ್‌ಗಳನ್ನು ನಾನಿಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಟೈಪ್ ಮಾಡುವಾಗ ಅವೇ ಪದಗಳನ್ನು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹಾಕಿ. ಗೆರೆ, ಚುಕ್ಕಿ, ಅಂಕಿ, ಉದ್ಧರಣ ಚಿಹ್ನೆ ಎಲ್ಲಾ ಇಲ್ಲಿ ಇದ್ದ ಹಾಗೇ ಇರಲಿ. ದೊಡ್ಡಕ್ಷರ ಬೇಕಾದ ಕಡೆ ಅಲ್ಲೇ ಹೇಳುತ್ತೇನೆ.

ಒಳಗೆ ನಡೆಯುವುದು ಏನು

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಮುಂದಿನ ಎಲ್ಲಾ ತೊಂದರೆಗಳ ಬೇರು ಇಲ್ಲೇ ಇದೆ. ಯಾವ ಟೂಲ್ ಹಿಡಿದರೂ ಕೊನೆಗೆ ಪಿಡಿಎಫ್ ಮಾಡಿಕೊಡುವುದು ಒಂದು ಬ್ರೌಸರ್. ಕಿಟಕಿ ತೆರೆಯದೆ ಹಿಂದಿನಿಂದ ಓಡುವ ಬ್ರೌಸರ್‌ಗೆ ಹೆಡ್‌ಲೆಸ್ ಅನ್ನುತ್ತಾರೆ. 2017ರಲ್ಲಿ ಕ್ರೋಮ್ 59ರ ಜೊತೆ ಈ ಸೌಲಭ್ಯ ಬಂತು. ಅದಕ್ಕೂ ಮುಂಚೆ ಫ್ಯಾಂಟಮ್ ಜೆಎಸ್ ಅಂತ ಒಂದಿತ್ತು, 2018ರಲ್ಲಿ ಅದರ ಕೆಲಸ ನಿಂತಿತು. ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ ಅನ್ನುವ ಹಳೆಯ ಟೂಲ್ ಇನ್ನೂ ಎಷ್ಟೋ ಕಡೆ ಕಾಣುತ್ತದೆ, ಆದರೆ ಅದರೊಳಗಿನ ಬ್ರೌಸರ್ ತುಂಬಾ ಹಳೆಯದು. ಪೇಜ್ ಜೋಡಿಸುವ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ವಿಧಾನ ಬಳಸಿದ ಇವತ್ತಿನ ಸ್ಲೈಡ್‌ಗಳು ಅದರಲ್ಲಿ ಸರಿಯಾಗಿ ಬರುವುದಿಲ್ಲ. ಸ್ಲೈಡ್ ಕೆಲಸಕ್ಕೆ ಅದನ್ನು ಬಿಟ್ಟುಬಿಡಿ ಅಂತಲೇ ನನ್ನ ಸಲಹೆ.

ಹೆಡ್‌ಲೆಸ್ ಬ್ರೌಸರ್‌ಗೆ ನೀವು ಮೂರು ವಿಷಯ ಸರಿಯಾಗಿ ಕೊಡಬೇಕು: ಹಾಳೆಯ ಅಳತೆ, ಪೇಜ್ ಪೂರ್ತಿ ಲೋಡ್ ಆಗಲು ಸಮಯ, ಮತ್ತು ಬೇಕಾದ ಫಾಂಟ್. ಪಿಡಿಎಫ್ ಕೆಟ್ಟು ಬಂದಾಗೆಲ್ಲ ನಾನು ಮೊದಲು ನೋಡುವುದು ಈ ಮೂರನ್ನೇ, ಮುಕ್ಕಾಲು ಪಾಲು ಅಲ್ಲೇ ಸಿಕ್ಕಿಬಿಡುತ್ತದೆ.

ಮೊದಲು ಒಂದು ಲೋಕಲ್ ಸರ್ವರ್

ಸ್ಲೈಡ್ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇದ್ದರೆ ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವ ಅಭ್ಯಾಸ ಇರುತ್ತದೆ, ಅಲ್ವಾ? ಹಾಗೆ ತೆರೆದಾಗ ಹೊರಗಿನ ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಪಠ್ಯ) ಫೈಲ್‌ನಂಥವನ್ನು ಓದಲು ಬ್ರೌಸರ್ ಬಿಡುವುದಿಲ್ಲ, ಅದು ಸುರಕ್ಷತೆಯ ನಿಯಮ. ಆಗ ಸ್ಲೈಡ್ ಖಾಲಿ ಕಾಣುತ್ತದೆ. ಅದಕ್ಕೆ ಸ್ಲೈಡ್ ಇರುವ ಫೋಲ್ಡರ್‌ಗೆ ಹೋಗಿ ಫೈಲ್‌ಗಳನ್ನು ಬ್ರೌಸರ್‌ಗೆ ಒದಗಿಸುವ ಒಂದು ಪುಟ್ಟ ಸರ್ವರ್ ಓಡಿಸಿ:

ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000

ಈಗ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8000 ಅಂತ ಹಾಕಿದರೆ ಸ್ಲೈಡ್ ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ, ಇಲ್ಲೇ ಸರಿ ಮಾಡಿಕೊಳ್ಳಿ. ಸರ್ವರ್ ಓಡುತ್ತಿರುವ ಟರ್ಮಿನಲ್ ಹಾಗೇ ಇರಲಿ, ಮುಂದಿನ ಕಮಾಂಡ್‌ಗಳಿಗೆ ಇನ್ನೊಂದು ಟರ್ಮಿನಲ್ ತೆರೆಯಿರಿ.

ರಿವೀಲ್ ಜೆಎಸ್ ಆದರೆ ಕ್ರೋಮ್ ಒಂದೇ ಸಾಕು

ವೆಬ್ ಸ್ಲೈಡ್ ಮಾಡಲು ತುಂಬಾ ಜನ ಬಳಸುವ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಕಟ್ಟು, ರಿವೀಲ್ ಜೆಎಸ್. ಪಠ್ಯ ಫೈಲ್‌ಗಳನ್ನು ಬೇರೆ ರೂಪಕ್ಕೆ ತಿರುಗಿಸುವ ಕ್ವಾರ್ಟೊ, ಪ್ಯಾಂಡಾಕ್‌ಗಳಿಂದಲೂ ರಿವೀಲ್ ಸ್ಲೈಡ್ ಮಾಡಬಹುದು, ಹಾಗೆ ಮಾಡಿದವರೂ ಇದೇ ದಾರಿ ಹಿಡಿಯಬಹುದು. ಇದಕ್ಕೆ ಬೇರೆ ಟೂಲ್ ಹಾಕಿಕೊಳ್ಳಲೇಬೇಕೆಂದಿಲ್ಲ, ಯಾಕೆಂದರೆ ರಿವೀಲ್ ಒಳಗೇ ಒಂದು ಪ್ರಿಂಟ್ ರೂಪ ಇದೆ. ವಿಳಾಸದ ಕೊನೆಗೆ ?ಪ್ರಿಂಟ್-ಪಿಡಿಎಫ್ ಅಂತ ಸೇರಿಸಿದರೆ ಸ್ಲೈಡ್‌ಗಳೆಲ್ಲ ಒಂದರ ಕೆಳಗೊಂದು ಹಾಳೆಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ಕೆಳಕ್ಕೆ ಇಳಿಯುವ ಉಪ ಸ್ಲೈಡ್‌ಗಳೂ ಅದೇ ಸಾಲಿಗೆ ಬರುತ್ತವೆ. ಹಾಳೆಯ ಅಳತೆಯನ್ನೂ ರಿವೀಲ್ ತಾನೇ ಬ್ರೌಸರ್‌ಗೆ ಹೇಳುತ್ತದೆ.

ಕಮಾಂಡ್ ಕೊಡುವ ಮುಂಚೆ ಆ ವಿಳಾಸವನ್ನು ಮಾಮೂಲಿ ಬ್ರೌಸರ್‌ನಲ್ಲಿ ಒಮ್ಮೆ ತೆರೆದು ಮೇಲಿಂದ ಕೆಳಗೆ ಸ್ಕ್ರಾಲ್ ಮಾಡಿ ನೋಡಿ. ಇಲ್ಲಿ ಕಂಡದ್ದೇ ಪಿಡಿಎಫ್‌ನಲ್ಲಿ ಬರುವುದು. ಇದೊಂದು ಅಭ್ಯಾಸ ನನಗೆ ಎಷ್ಟು ಸಮಯ ಉಳಿಸಿದೆ ಅಂದರೆ, ಈಗ ಇದನ್ನು ಮಾಡದೆ ಕಮಾಂಡ್ ಓಡಿಸುವುದೇ ಇಲ್ಲ. ಚೆನ್ನಾಗಿ ಕಂಡರೆ ಈ ಕಮಾಂಡ್ ಕೊಡಿ, ಇದೆಲ್ಲಾ ಒಂದೇ ಸಾಲು:

ಕ್ರೋಮಿಯಂ --ಹೆಡ್‌ಲೆಸ್ --ನೋ-ಪಿಡಿಎಫ್-ಹೆಡರ್-ಫುಟರ್ --ವರ್ಚುವಲ್-ಟೈಮ್-ಬಜೆಟ್=10000 --ಪ್ರಿಂಟ್-ಟು-ಪಿಡಿಎಫ್=ಸ್ಲೈಡ್ಸ್.ಪಿಡಿಎಫ್ 'ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:8000/?ಪ್ರಿಂಟ್-ಪಿಡಿಎಫ್'

ಒಂದೊಂದಾಗಿ ನೋಡೋಣ. ಕ್ರೋಮಿಯಂ ಅಂದರೆ ಕ್ರೋಮ್‌ನ ಮುಕ್ತ ರೂಪ, ಆ ಹೆಸರಿನ ಕಡೆ ನಿಮ್ಮ ಕಂಪ್ಯೂಟರ್‌ನಲ್ಲಿ ಗೂಗಲ್-ಕ್ರೋಮ್ ಅಂತ ಇರಬಹುದು. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಕ್ರೋಮ್ ಇರುವ ಪೂರ್ತಿ ಪಾತ್ (ಫೋಲ್ಡರ್ ಸಮೇತ ವಿಳಾಸ) ಕೊಡಬೇಕಾಗುತ್ತದೆ. ವಿಂಡೋಸ್‌ನಲ್ಲಿ ಪಿಡಿಎಫ್ ಎಲ್ಲಿ ಉಳಿಯಬೇಕು ಅನ್ನುವುದಕ್ಕೂ ಪೂರ್ತಿ ಪಾತ್ ಕೊಟ್ಟರೆ ಒಳ್ಳೆಯದು, ಬರೀ ಹೆಸರು ಕೊಟ್ಟರೆ ಫೈಲ್ ಬರೆಯಲು ಆಗಲಿಲ್ಲ ಅಂತ ತಕರಾರು ಬರುವುದುಂಟು.

ನೋ-ಪಿಡಿಎಫ್-ಹೆಡರ್-ಫುಟರ್ ಹಾಕದಿದ್ದರೆ ಹಾಳೆಯ ಮೇಲೆ ತಾರೀಖು, ಕೆಳಗೆ ವಿಳಾಸ ಬಂದು ಕೂರುತ್ತವೆ. ಹಳೆಯ ಕ್ರೋಮ್‌ಗಳಲ್ಲಿ ಇದೇ ಕೆಲಸಕ್ಕೆ ಪ್ರಿಂಟ್-ಟು-ಪಿಡಿಎಫ್-ನೋ-ಹೆಡರ್ ಅಂತ ಹೆಸರಿತ್ತು. ಹಳೆಯ ಪಾಠ ನೋಡಿ ಮಾಡಿದವರಿಗೆ ಈಗ ಹೆಡರ್ ಹೋಗದೇ ಇರುವುದಕ್ಕೆ ಕಾರಣ ಸಾಮಾನ್ಯವಾಗಿ ಅದೇ.

ವರ್ಚುವಲ್-ಟೈಮ್-ಬಜೆಟ್ ಅನ್ನುವುದು ತುಂಬಾ ಉಪಯೋಗದ್ದು. ಲೆಕ್ಕ ಮಿಲಿಸೆಕೆಂಡ್‌ನಲ್ಲಿ, 10000 ಅಂದರೆ ಪೇಜ್‌ನ ಗಡಿಯಾರದಲ್ಲಿ 10 ಸೆಕೆಂಡ್. ಬ್ರೌಸರ್ ಆ ಗಡಿಯಾರವನ್ನು ಬೇಗ ಬೇಗ ಓಡಿಸಿ, ಟೈಮರ್‌ಗಳು ಮುಗಿದ ಮೇಲೆ ಪ್ರಿಂಟ್ ತೆಗೆಯುತ್ತದೆ. ಗಣಿತದ ಸೂತ್ರ, ಜಾವಾಸ್ಕ್ರಿಪ್ಟ್‌ನಿಂದ ಬರೆಯುವ ಗ್ರಾಫ್ ಇದ್ದ ಸ್ಲೈಡ್‌ಗಳಲ್ಲಿ ಇದಿಲ್ಲದಿದ್ದರೆ ಅರ್ಧ ಬರೆದ ಗ್ರಾಫ್‌ಗಳೇ ಸಿಗುತ್ತವೆ.

ಇನ್ನು ವಿಳಾಸದ ಸುತ್ತ ಇರುವ ಉದ್ಧರಣ ಚಿಹ್ನೆ. ಇದು ಅಲಂಕಾರಕ್ಕಲ್ಲ. ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂಗೆ ಶೆಲ್ ಅನ್ನುತ್ತಾರೆ. ಜಡ್‌ಎಸ್‌ಎಚ್ ಶೆಲ್‌ಗೆ ? ಕಂಡರೆ ಅದು ಫೈಲ್ ಹೆಸರು ಹುಡುಕುವ ಗುರುತು ಅನ್ನಿಸಿ, ಅಂಥ ಫೈಲ್ ಸಿಗಲಿಲ್ಲ ಅಂತ ನಿಲ್ಲಿಸಿಬಿಡುತ್ತದೆ. ವಿಳಾಸದಲ್ಲಿ & ಇದ್ದರೆ ಇನ್ನೂ ಕಷ್ಟ. ಶೆಲ್ ಅಲ್ಲಿಗೇ ಕಮಾಂಡ್ ತುಂಡು ಮಾಡಿ ಮೊದಲ ಭಾಗವನ್ನು ಹಿಂದೆ ಓಡಿಸುತ್ತದೆ, ನೀವು ಕೊಟ್ಟ ಆಯ್ಕೆ ಮಾತ್ರ ಬ್ರೌಸರ್‌ಗೆ ತಲುಪುವುದೇ ಇಲ್ಲ. ಲಿನಕ್ಸ್, ಮ್ಯಾಕ್‌ನಲ್ಲಿ ಒಂಟಿ ಚಿಹ್ನೆ ಹಾಕಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಜೋಡಿ ಚಿಹ್ನೆಯೇ ಬೇಕು.

ಆ & ಎಲ್ಲಿ ಬರುತ್ತದೆ ಅಂದರೆ, ರಿವೀಲ್‌ನ ಸೆಟ್ಟಿಂಗ್‌ಗಳನ್ನು ವಿಳಾಸದಲ್ಲೇ ಬದಲಿಸಬಹುದು. ನನಗೆ ಜಾಸ್ತಿ ಬೇಕಾಗುವುದು ಪಿಡಿಎಫ್ಸೆಪರೇಟ್‌ಫ್ರ್ಯಾಗ್‌ಮೆಂಟ್ಸ್. ಇದರಲ್ಲಿ ಸೆಪರೇಟ್‌ನ ಎಸ್, ಫ್ರ್ಯಾಗ್‌ಮೆಂಟ್ಸ್‌ನ ಎಫ್ ಎರಡೂ ದೊಡ್ಡಕ್ಷರ, ಮೊದಲಿನ ಪಿಡಿಎಫ್ ಸಣ್ಣಕ್ಷರ. ಒಂದು ಸ್ಲೈಡ್‌ನಲ್ಲಿ ಐದು ಸಾಲು ಒಂದೊಂದಾಗಿ ಮೂಡುವ ಹಾಗೆ ಮಾಡಿದ್ದರೆ ರಿವೀಲ್ ಪ್ರತಿ ಹಂತಕ್ಕೂ ಒಂದು ಹಾಳೆ ಕೊಡುತ್ತದೆ. ವೇದಿಕೆಯಲ್ಲಿ ಅದು ಚಂದ, ಓದುವವರಿಗೆ ಮಾತ್ರ ಅದೇ ಹಾಳೆಯನ್ನು ಮತ್ತೆ ಮತ್ತೆ ತಿರುಗಿಸುವ ಕೆಲಸ. ವಿಳಾಸದ ಕೊನೆಗೆ & ಹಾಕಿ ಪಿಡಿಎಫ್ಸೆಪರೇಟ್‌ಫ್ರ್ಯಾಗ್‌ಮೆಂಟ್ಸ್=ಫಾಲ್ಸ್ ಅಂತ ಸೇರಿಸಿದರೆ ಎಲ್ಲಾ ಸಾಲು ತುಂಬಿದ ಒಂದೇ ಹಾಳೆ ಬರುತ್ತದೆ. ಕಳಿಸುವ ಪಿಡಿಎಫ್‌ಗೆ ನಾನು ಯಾವಾಗಲೂ ಹೀಗೇ ಮಾಡುವುದು. ಒಂದೇ ಜಾಗದಲ್ಲಿ ಒಂದು ಚಿತ್ರ ಹೋಗಿ ಇನ್ನೊಂದು ಬರುವ ಸ್ಲೈಡ್ ಇದ್ದರೆ ಹೀಗೆ ಮಾಡಬೇಡಿ, ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ.

ಇನ್ನೆರಡು ಸೆಟ್ಟಿಂಗ್. ವಿಷಯ ಜಾಸ್ತಿಯಾಗಿ ಸ್ಲೈಡ್ ಎರಡನೇ ಹಾಳೆಗೆ ಹರಿಯುತ್ತಿದ್ದರೆ ಪಿಡಿಎಫ್‌ಮ್ಯಾಕ್ಸ್‌ಪೇಜಸ್‌ಪರ್‌ಸ್ಲೈಡ್ ಅನ್ನುವುದನ್ನು 1 ಮಾಡಿ. ಇಲ್ಲೂ ಎರಡನೇ ಪದದಿಂದ ಪ್ರತಿ ಪದದ ಮೊದಲಕ್ಷರ ದೊಡ್ಡದು. ಶೋನೋಟ್ಸ್ ಅನ್ನು ಸೆಪರೇಟ್-ಪೇಜ್ ಮಾಡಿದರೆ ನಿಮ್ಮ ಟಿಪ್ಪಣಿಗಳು ಬೇರೆ ಹಾಳೆಯಲ್ಲಿ ಬರುತ್ತವೆ, ನೋಟ್ಸ್‌ನ ಎನ್ ದೊಡ್ಡಕ್ಷರ. ನೀವೇ ಓದಿಕೊಳ್ಳಲು ಇದು ಒಳ್ಳೆಯದು. ಬೇರೆಯವರಿಗೆ ಕಳಿಸುವ ಮುಂಚೆ ಮಾತ್ರ ಈ ಸೆಟ್ಟಿಂಗ್ ಎಲ್ಲೂ ಉಳಿದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಟಿಪ್ಪಣಿಯಲ್ಲಿ ನಾವು ನಮಗೆ ಮಾತ್ರ ಅಂತ ಏನೇನೋ ಬರೆದುಕೊಂಡಿರುತ್ತೇವೆ.

ಬೇರೆ ಸ್ಲೈಡ್‌ಗಳಿಗೆ ಡೆಕ್‌ಟೇಪ್

ಎಲ್ಲಾ ಸ್ಲೈಡ್ ಲೈಬ್ರರಿಗಳಿಗೂ ರಿವೀಲ್‌ನಂಥ ಪ್ರಿಂಟ್ ರೂಪ ಇರುವುದಿಲ್ಲ. ಇಂಪ್ರೆಸ್ ಜೆಎಸ್ ತೆಗೆದುಕೊಳ್ಳಿ. ಅದರಲ್ಲಿ ಸ್ಲೈಡ್‌ಗಳು ದೊಡ್ಡ ಹಾಸಿನ ಮೇಲೆ ಅಲ್ಲಲ್ಲಿ ಚೆಲ್ಲಿಕೊಂಡಿರುತ್ತವೆ, ಕ್ಯಾಮೆರಾ ತಿರುಗುತ್ತಾ ಹಾರುತ್ತಾ ಹೋಗುತ್ತದೆ. ಅದನ್ನು ನೇರವಾಗಿ ಪ್ರಿಂಟ್ ಮಾಡಿದರೆ ಎಲ್ಲಾ ಕಲಸಿಹೋದ ಒಂದು ಹಾಳೆ ಬರುತ್ತದೆ. ಇಂಥ ಕಡೆ ಡೆಕ್‌ಟೇಪ್ ಬೇಕು. ಅದು ಹೆಡ್‌ಲೆಸ್ ಕ್ರೋಮ್ ತೆರೆದು, ಮನುಷ್ಯರು ನೋಡುವ ಹಾಗೆ ಒಂದೊಂದೇ ಸ್ಲೈಡ್‌ಗೆ ಹೋಗಿ, ಪ್ರತಿಯೊಂದನ್ನೂ ಒಂದು ಹಾಳೆ ಮಾಡಿ, ಕೊನೆಗೆ ಎಲ್ಲಾ ಸೇರಿಸಿ ಒಂದು ಪಿಡಿಎಫ್ ಕೊಡುತ್ತದೆ. ಚಿತ್ರವಾಗಿ ಅಲ್ಲ, ಅಕ್ಷರ ಅಕ್ಷರವಾಗೇ ಉಳಿಯುತ್ತದೆ. ಹಾಗಾಗಿ ಪಿಡಿಎಫ್‌ನಲ್ಲಿ ಹುಡುಕಬಹುದು, ಕಾಪಿ ಮಾಡಬಹುದು.

ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಇದ್ದರೆ ಹಾಕಿಕೊಳ್ಳುವುದು ಸುಲಭ:

ಎನ್‌ಪಿಎಂ ಇನ್‌ಸ್ಟಾಲ್ -ಜಿ ಡೆಕ್‌ಟೇಪ್

ಇದರ ಒಳಗೆ ಬ್ರೌಸರ್ ನಡೆಸುವ ಪಪೆಟಿಯರ್ ಇದೆ, ಅದು ತನಗೆ ಬೇಕಾದ ಕ್ರೋಮ್ ಅನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೇ ಮೊದಲ ಸಲ ಸ್ವಲ್ಪ ಹೊತ್ತು ಹಿಡಿಯುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಈಗಾಗಲೇ ಇರುವ ಬ್ರೌಸರ್ ಬಳಸಬೇಕೆಂದರೆ --ಕ್ರೋಮ್-ಪಾತ್ ಕೊಡಬಹುದು. ಆಮೇಲೆ:

ಡೆಕ್‌ಟೇಪ್ ಇಂಪ್ರೆಸ್ -ಎಸ್ 1280ಎಕ್ಸ್720 -ಪಿ 2000 'ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:8000/' ಸ್ಲೈಡ್ಸ್.ಪಿಡಿಎಫ್

ಇಂಪ್ರೆಸ್ ಅನ್ನುವ ಕಡೆ ನಿಮ್ಮ ಲೈಬ್ರರಿಯ ಹೆಸರು ಹಾಕಿ: ರಿವೀಲ್, ರಿಮಾರ್ಕ್, ಶವರ್, ಬಿಸ್ಪೋಕ್ ಹೀಗೆ. ಹೆಸರೇ ಕೊಡದಿದ್ದರೆ ಪೇಜ್ ನೋಡಿ ಅದೇ ಗುರುತಿಸಲು ನೋಡುತ್ತದೆ, ಯಾವುದು ಸಿಕ್ಕಿತು ಅಂತ ಶುರುವಿನಲ್ಲೇ ಹೇಳುತ್ತದೆ. ಆ ಸಾಲನ್ನು ಓದಿ.

-ಎಸ್ ಅಂದರೆ ಅಳತೆ, ಪಿಕ್ಸೆಲ್‌ನಲ್ಲಿ. ಸ್ಲೈಡ್ ಯಾವ ಆಕಾರಕ್ಕೆ ಮಾಡಿದ್ದೀರೋ ಅದೇ ಆಕಾರ ಕೊಡಿ. 4:3ಕ್ಕೆ ಮಾಡಿದ ಸ್ಲೈಡ್‌ಗೆ 1280ಎಕ್ಸ್720 ಕೊಟ್ಟರೆ ಎರಡೂ ಪಕ್ಕ ಖಾಲಿ ಪಟ್ಟಿ ಬರುತ್ತದೆ, 1024ಎಕ್ಸ್768 ಕೊಟ್ಟರೆ ಸರಿಯಾಗಿ ಕೂರುತ್ತದೆ. ಅಂಕಿ ದೊಡ್ಡದು ಕೊಟ್ಟರೆ ಅಕ್ಷರ ಚೂಪಾಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಪಿಡಿಎಫ್‌ನಲ್ಲಿ ಅಕ್ಷರ ಎಷ್ಟು ಹಿಗ್ಗಿಸಿದರೂ ಚೂಪಾಗೇ ಇರುತ್ತದೆ. ಕಿಟಕಿಗೆ ತಕ್ಕಂತೆ ಹಿಗ್ಗದ ಸ್ಲೈಡ್‌ಗಳಲ್ಲಿ ದೊಡ್ಡ ಅಂಕಿ ಕೊಟ್ಟರೆ ಅಕ್ಷರ ಚಿಕ್ಕದಾಗಿ ಸುತ್ತ ಜಾಗ ಜಾಸ್ತಿಯಾಗುತ್ತದೆ, ಅಷ್ಟೇ.

-ಪಿ ಅಂದರೆ ಒಂದು ಸ್ಲೈಡ್‌ಗೆ ಹೋದ ಮೇಲೆ ಪ್ರಿಂಟ್ ತೆಗೆಯುವ ಮುಂಚೆ ಕಾಯುವ ಹೊತ್ತು. ಏನೂ ಹೇಳದಿದ್ದರೆ 1000 ಮಿಲಿಸೆಕೆಂಡ್. ಇಂಪ್ರೆಸ್‌ನಲ್ಲಿ ಕ್ಯಾಮೆರಾ ಇನ್ನೂ ತಿರುಗುತ್ತಿರುವಾಗಲೇ ಪ್ರಿಂಟ್ ಆದರೆ ಸ್ಲೈಡ್ ಓರೆಯಾಗಿ ಬರುತ್ತದೆ, ಅದಕ್ಕೇ ಮೇಲೆ 2000 ಕೊಟ್ಟಿದ್ದು. ಸ್ಲೈಡ್ ಬದಲಾಗುವಾಗಿನ ಅನಿಮೇಷನ್ ನಿಲ್ಲಿಸಲು ಸಾಧ್ಯವಿದ್ದರೆ ಅದನ್ನೇ ನಿಲ್ಲಿಸಿ, ಕಾಯುವ ಹೊತ್ತು ಹೆಚ್ಚಿಸುವುದಕ್ಕಿಂತ ಅದು ನಂಬಿಕೆಯ ದಾರಿ. ಇದಲ್ಲದೆ --ಲೋಡ್-ಪಾಸ್ ಅಂತ ಇನ್ನೊಂದಿದೆ. ಅದು ಪೇಜ್ ತೆರೆದ ಮೇಲೆ, ಮೊದಲ ಸ್ಲೈಡ್‌ಗೂ ಮುಂಚೆ ಒಂದೇ ಒಂದು ಸಲ ಕಾಯುತ್ತದೆ. ಮೊದಲ ಹಾಳೆಯಲ್ಲಿ ಮಾತ್ರ ಫಾಂಟ್ ಬೇರೆ ಬಂದರೆ ಇದನ್ನು ಹೆಚ್ಚಿಸಿ ನೋಡಿ.

ನಡುವಿನ ಒಂದೆರಡು ಸ್ಲೈಡ್ ಮಾತ್ರ ಬೇಕಾದರೆ --ಸ್ಲೈಡ್ಸ್ 1,3-5 ಅಂತ ಕೊಡಬಹುದು. ಸುಮ್ನೆ ಪರೀಕ್ಷೆ ಮಾಡುವಾಗ ಇದನ್ನೇ ಬಳಸಿ. 80 ಸ್ಲೈಡ್ ಇದ್ದು ಪ್ರತಿಯೊಂದಕ್ಕೂ 2 ಸೆಕೆಂಡ್ ಕಾದರೆ ಒಂದು ಸಲಕ್ಕೆ ಎರಡೂವರೆ ನಿಮಿಷದ ಮೇಲಾಗುತ್ತದೆ, ಒಂದು ಬಣ್ಣ ಸರಿಯಿದೆಯಾ ಅಂತ ನೋಡಲು ಅಷ್ಟು ಹೊತ್ತು ಯಾಕೆ?

ಯಾವ ಲೈಬ್ರರಿಗೂ ಸೇರದ, ನೀವೇ ಬರೆದುಕೊಂಡ ಸ್ಲೈಡ್ ಆದರೆ ಜೆನೆರಿಕ್ ಅನ್ನುವ ಹೆಸರು ಕೊಡಿ. ಆಗ ಡೆಕ್‌ಟೇಪ್ ಪ್ರತಿ ಸಲ ಬಲ ಬಾಣದ ಕೀ ಒತ್ತುತ್ತದೆ, ಪೇಜ್‌ನಲ್ಲಿ ಏನಾದರೂ ಬದಲಾಯಿತಾ ನೋಡುತ್ತದೆ, ಬದಲಾಗದಿದ್ದರೆ ಸ್ಲೈಡ್ ಮುಗಿಯಿತು ಅಂತ ತಿಳಿಯುತ್ತದೆ. ಈ ಉಪಾಯ ನನಗೆ ತುಂಬಾ ಇಷ್ಟ, ಇದರಿಂದ ಸುಮಾರು ಯಾವ ಸ್ಲೈಡ್ ಆದರೂ ಬಗ್ಗುತ್ತದೆ. ಆದರೆ ಸ್ಲೈಡ್‌ನ ಮೂಲೆಯಲ್ಲಿ ಓಡುವ ಗಡಿಯಾರ ಇದ್ದರೆ, ಅಥವಾ ಕೊನೆಯ ಸ್ಲೈಡ್ ಆದ ಮೇಲೆ ಮತ್ತೆ ಮೊದಲಿಗೆ ಹೋಗುವ ಹಾಗೆ ಮಾಡಿದ್ದರೆ, ಪೇಜ್ ಬದಲಾಗುತ್ತಲೇ ಇರುತ್ತದೆ, ಟೂಲ್‌ಗೆ ಕೊನೆ ಗೊತ್ತಾಗುವುದಿಲ್ಲ. ಅಂಥ ಕಡೆ --ಮ್ಯಾಕ್ಸ್-ಸ್ಲೈಡ್ಸ್ ಜೊತೆ ಸ್ಲೈಡ್‌ಗಳ ಸಂಖ್ಯೆ ಕೊಟ್ಟುಬಿಡಿ. ಮುಂದೆ ಹೋಗಲು ಬೇರೆ ಕೀ ಇದ್ದರೆ --ಕೀ ಅನ್ನುವುದರಲ್ಲಿ ಹೇಳಬಹುದು.

ಮಾರ್ಪ್, ಸ್ಲೈಡೆವ್ ಬಳಸುವವರಿಗೆ

ಇವೆರಡೂ ಮಾರ್ಕ್‌ಡೌನ್‌ನಿಂದ ಸ್ಲೈಡ್ ಮಾಡುವ ಟೂಲ್‌ಗಳು, ಇವನ್ನು ಬಳಸುವವರಿಗೆ ಕೆಲಸ ಕಡಿಮೆ. ಎರಡಕ್ಕೂ ತಮ್ಮದೇ ಕಮಾಂಡ್ ಇದೆ, ಅದನ್ನೇ ಬಳಸಿ.

ಮಾರ್ಪ್ ಆದರೆ ‘ಮಾರ್ಪ್ --ಪಿಡಿಎಫ್ ಸ್ಲೈಡ್ಸ್.ಎಂಡಿ’ ಅಂದರೆ ಮುಗಿಯಿತು. ಪಿಡಿಎಫ್‌ನಲ್ಲಿ ಚಿತ್ರಗಳ ಜಾಗ ಖಾಲಿ ಬಂದರೆ ಗಾಬರಿ ಬೇಡ. ನಿಮ್ಮ ಡಿಸ್ಕ್‌ನಲ್ಲಿರುವ ಫೈಲ್‌ಗಳನ್ನು ಓದುವುದನ್ನು ಮಾರ್ಪ್ ಸುರಕ್ಷತೆಗಾಗಿ ತಡೆದಿರುತ್ತದೆ. --ಅಲೋ-ಲೋಕಲ್-ಫೈಲ್ಸ್ ಸೇರಿಸಿದರೆ ಚಿತ್ರ ಬರುತ್ತದೆ. ನೀವೇ ಬರೆದ ಸ್ಲೈಡ್‌ಗೆ ಮಾತ್ರ ಹೀಗೆ ಮಾಡಿ, ಬೇರೆಯವರಿಂದ ಬಂದ ಫೈಲ್‌ಗೆ ಬೇಡ.

ಸ್ಲೈಡೆವ್‌ಗೆ ಮೊದಲು ಪ್ಲೇರೈಟ್-ಕ್ರೋಮಿಯಂ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಬೇಕು. ಆಮೇಲೆ ‘ಎನ್‌ಪಿಎಕ್ಸ್ ಸ್ಲೈಡೆವ್ ಎಕ್ಸ್‌ಪೋರ್ಟ್’. ಇದು ರಿವೀಲ್‌ಗೆ ಉಲ್ಟಾ: ಸುಮ್ಮನೆ ಕೊಟ್ಟರೆ ಪ್ರತಿ ಸ್ಲೈಡ್‌ಗೆ ಒಂದೇ ಹಾಳೆ, ಹಂತ ಹಂತವಾಗಿ ಬೇಕಾದರೆ --ವಿತ್-ಕ್ಲಿಕ್ಸ್ ಸೇರಿಸಬೇಕು. ದೊಡ್ಡ ಸ್ಲೈಡ್ ಕಟ್ಟು ಆಗಿ ನಡುವೆ ಸಮಯ ಮುಗಿಯಿತು ಅಂತ ನಿಂತರೆ --ಟೈಮ್‌ಔಟ್ 60000 ಕೊಡಿ.

ಡಾಕರ್ ಒಳಗೆ ಓಡಿಸುವಾಗ

ಕಂಪ್ಯೂಟರ್‌ನಲ್ಲಿ ನೋಡ್, ಕ್ರೋಮ್ ಎಲ್ಲಾ ಹಾಕಿಕೊಳ್ಳಲು ಇಷ್ಟವಿಲ್ಲದವರು ಡೆಕ್‌ಟೇಪ್‌ನ ಡಾಕರ್ ಇಮೇಜ್ ಬಳಸಬಹುದು. ಅದು ಬೇಕಾದ್ದೆಲ್ಲವನ್ನೂ ಮೊದಲೇ ತುಂಬಿಟ್ಟ ಪೊಟ್ಟಣ, ಓಡುವಾಗ ಅದಕ್ಕೆ ಕಂಟೇನರ್ ಅನ್ನುತ್ತಾರೆ. ಇಲ್ಲಿ ಎಡವುವ ಜಾಗ ಮೂರು. ಒಂದು, ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರ್ರೇ ಹೊರತು ನಿಮ್ಮ ಕಂಪ್ಯೂಟರ್ ಅಲ್ಲ. ಹಾಗಾಗಿ ನೀವು ಹೊರಗೆ ಓಡಿಸಿದ ಸರ್ವರ್ ಅದಕ್ಕೆ ಕಾಣುವುದಿಲ್ಲ. ಲಿನಕ್ಸ್‌ನಲ್ಲಿ --ನೆಟ್=ಹೋಸ್ಟ್ ಕೊಟ್ಟರೆ ಸರಿಹೋಗುತ್ತದೆ, ಮ್ಯಾಕ್ ಮತ್ತು ವಿಂಡೋಸ್‌ನ ಡಾಕರ್ ಡೆಸ್ಕ್‌ಟಾಪ್‌ನಲ್ಲಿ ಲೋಕಲ್‌ಹೋಸ್ಟ್ ಬದಲು ಹೋಸ್ಟ್.ಡಾಕರ್.ಇಂಟರ್ನಲ್ ಅಂತ ಬರೆಯಿರಿ. ಎರಡು, ನಿಮ್ಮ ಫೋಲ್ಡರ್ ಅನ್ನು -ವಿ ಕೊಟ್ಟು ಒಳಗೆ ಜೋಡಿಸದಿದ್ದರೆ ಪಿಡಿಎಫ್ ಕಂಟೇನರ್ ಒಳಗೇ ಉಳಿದು ಅದರ ಜೊತೆಗೇ ಹೋಗುತ್ತದೆ. ಮೂರನೆಯದು ಫಾಂಟ್.

ಫಾಂಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಇದೇ ದೊಡ್ಡ ತಲೆನೋವು. ಕಂಟೇನರ್‌ಗಳಲ್ಲಿ, ಹೊಸದಾಗಿ ಹಾಕಿದ ಸರ್ವರ್‌ಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯ ಫಾಂಟ್ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಂಡ ಸ್ಲೈಡ್ ಅಲ್ಲಿ ಬರೀ ಚೌಕ ಚೌಕವಾಗಿ ಬರುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ, ಪಿಡಿಎಫ್ ತೆರೆದಾಗಲೇ ಗೊತ್ತಾಗುವುದು. ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್ ಅನ್ನುವ ಕಮಾಂಡ್ ಕೊಟ್ಟರೆ ಲಿನಕ್ಸ್‌ನಲ್ಲಿ ಕನ್ನಡ ಫಾಂಟ್ ಯಾವುದಿದೆ ಅಂತ ತೋರಿಸುತ್ತದೆ. ಏನೂ ತೋರಿಸದಿದ್ದರೆ ಡೆಬಿಯನ್, ಉಬುಂಟುಗಳಲ್ಲಿ ಫಾಂಟ್ಸ್-ನೋಟೊ-ಕೋರ್ ಪ್ಯಾಕೇಜ್ ಹಾಕಿ, ಅದರಲ್ಲಿ ನೋಟೊ ಸ್ಯಾನ್ಸ್ ಕನ್ನಡ ಇದೆ. ಇದಕ್ಕಿಂತ ಗಟ್ಟಿ ದಾರಿ, ಫಾಂಟ್ ಫೈಲ್ ಅನ್ನು ಸ್ಲೈಡ್ ಫೋಲ್ಡರ್‌ನಲ್ಲೇ ಇಟ್ಟು ಪೇಜ್‌ನ ರೂಪ ಹೇಳುವ ಸಿಎಸ್‌ಎಸ್‌ನಿಂದ ಕರೆಯುವುದು. ಆಗ ಯಾವ ಯಂತ್ರದಲ್ಲಿ ಓಡಿಸಿದರೂ ಒಂದೇ ಥರ ಬರುತ್ತದೆ, ನೆಟ್ ಕೂಡ ಬೇಕಾಗಿಲ್ಲ.

ಕಳಿಸುವ ಮುಂಚೆ ನೋಡಬೇಕಾದ್ದು

ಕಮಾಂಡ್ ಎರರ್ ಇಲ್ಲದೆ ಮುಗಿದರೆ ಪಿಡಿಎಫ್ ಸರಿಯಿದೆ ಅಂತಲ್ಲ. ಲೋಕಲ್ ಸರ್ವರ್ ಓಡಿಸಲು ಮರೆತು ಕ್ರೋಮ್ ಕಮಾಂಡ್ ಕೊಟ್ಟರೆ, ‘ಈ ಸೈಟ್ ಸಿಗುತ್ತಿಲ್ಲ’ ಅನ್ನುವ ಪೇಜ್ ಅನ್ನೇ ಅಚ್ಚುಕಟ್ಟಾಗಿ ಪಿಡಿಎಫ್ ಮಾಡಿಕೊಡುತ್ತದೆ. ಹಾಗಾಗಿ ಪಿಡಿಎಫ್ ಪರೀಕ್ಷಿಸಲು ಪಾಪ್ಲರ್ ಅನ್ನುವ ಟೂಲ್‌ಗಳ ಕಟ್ಟು ಹಾಕಿಕೊಳ್ಳಿ.

ಮೊದಲು ‘ಪಿಡಿಎಫ್‌ಇನ್ಫೊ ಸ್ಲೈಡ್ಸ್.ಪಿಡಿಎಫ್’. ಎಷ್ಟು ಹಾಳೆ, ಅಳತೆ ಎಷ್ಟು ಅಂತ ಹೇಳುತ್ತದೆ. ಅಳತೆ ಪಾಯಿಂಟ್‌ನಲ್ಲಿ ಬರುವುದರಿಂದ ನೀವು ಕೊಟ್ಟ ಅಂಕಿಗೆ ತಾಳೆಯಾಗಲಿಲ್ಲ ಅಂತ ಅನುಮಾನ ಬೇಡ. ಬ್ರೌಸರ್ ಒಂದು ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ, ಪಿಡಿಎಫ್ ಒಂದು ಇಂಚಿಗೆ 72 ಪಾಯಿಂಟ್. ಅಂದರೆ 1280 ಪಿಕ್ಸೆಲ್ ಅಗಲ 960 ಪಾಯಿಂಟ್ ಆಗುತ್ತದೆ, 720 ಎತ್ತರ 540 ಆಗುತ್ತದೆ. ಅಲ್ಲಿ 612 ಮತ್ತು 792, ಅಥವಾ 595 ಮತ್ತು 842ರ ಆಸುಪಾಸು ಕಂಡರೆ ಮಾತ್ರ ಎಚ್ಚರ. ಅವು ಲೆಟರ್ ಮತ್ತು ಎ4 ಕಾಗದದ ಅಳತೆ. ಸ್ಲೈಡ್‌ನ ಅಳತೆ ಬ್ರೌಸರ್‌ಗೆ ತಲುಪಿಲ್ಲ ಅಂತ ಅರ್ಥ. ರಿವೀಲ್ ಆದರೆ ವಿಳಾಸದಲ್ಲಿ ಪ್ರಿಂಟ್-ಪಿಡಿಎಫ್ ಬಿಟ್ಟುಹೋಗಿರುತ್ತದೆ.

ಆಮೇಲೆ ‘ಪಿಡಿಎಫ್‌ಫಾಂಟ್ಸ್ ಸ್ಲೈಡ್ಸ್.ಪಿಡಿಎಫ್’. ನೀವು ಬಯಸಿದ ಫಾಂಟ್‌ನ ಹೆಸರು ಅಲ್ಲಿದೆಯಾ, ಅದು ಫೈಲ್ ಒಳಗೇ ಸೇರಿದೆಯಾ ನೋಡಿ. ಹೆಸರು ಬೇರೆ ಇದ್ದರೆ ಫಾಂಟ್ ಲೋಡ್ ಆಗುವ ಮುಂಚೆಯೇ ಪ್ರಿಂಟ್ ಆಗಿದೆ, ಕಾಯುವ ಹೊತ್ತು ಹೆಚ್ಚಿಸಿ. ಕನ್ನಡ ಪಠ್ಯವನ್ನು ಪಿಡಿಎಫ್‌ಟುಟೆಕ್ಸ್ಟ್‌ನಿಂದ ತೆಗೆದು ನೋಡಿದಾಗ ಒತ್ತಕ್ಷರ, ಗುಣಿತದ ಗುರುತು ಹಿಂದುಮುಂದಾಗಿರಬಹುದು. ನೋಡಲು ಸರಿಯಿದ್ದರೂ ಕಾಪಿ ಮಾಡಿದಾಗ ಹೀಗಾಗುತ್ತದೆ. ಹಾಗಾಗಿ ಓದುವವರು ಪಠ್ಯ ಬಳಸಿಕೊಳ್ಳಲಿ ಅನ್ನುವ ಆಸೆ ಇದ್ದರೆ ಮೂಲ ಮಾರ್ಕ್‌ಡೌನ್ ಫೈಲ್ ಕೂಡ ಜೊತೆಗೆ ಕಳಿಸಿ.

ಕೊನೆಗೆ ಕಣ್ಣಿನಿಂದ ನೋಡಬೇಕು, ಅದಕ್ಕೆ ಬದಲಿಯಿಲ್ಲ. ‘ಪಿಡಿಎಫ್‌ಟುಪಿಪಿಎಂ -ಆರ್ 40 -ಪಿಎನ್‌ಜಿ ಸ್ಲೈಡ್ಸ್.ಪಿಡಿಎಫ್ ನೋಟ’ ಅಂದರೆ ಪ್ರತಿ ಹಾಳೆಯ ಪುಟ್ಟ ಚಿತ್ರ ಬರುತ್ತದೆ, ಕೊನೆಯ ಪದ ನೀವು ಇಡುವ ಹೆಸರು. ಫೋಲ್ಡರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ನೋಡಿದರೆ ಖಾಲಿ ಹಾಳೆ, ಕತ್ತರಿಸಿದ ಕೋಡ್, ಕಪ್ಪಾದ ವಿಡಿಯೋ ಚೌಕ ಎಲ್ಲಾ ಕೂಡಲೇ ಕಣ್ಣಿಗೆ ಬೀಳುತ್ತವೆ. ವಿಡಿಯೋ ಪಿಡಿಎಫ್‌ನಲ್ಲಿ ಓಡುವುದಿಲ್ಲ. ಅದರ ಜಾಗಕ್ಕೆ ಪೋಸ್ಟರ್ ಚಿತ್ರ ಒಂದನ್ನು ಮೊದಲೇ ಕೊಟ್ಟಿಡಿ, ಕೆಳಗೆ ವಿಡಿಯೋದ ಲಿಂಕ್ ಬರೆಯಿರಿ.

ಫೈಲ್ ಭಾರವಾದರೆ

ಇಪ್ಪತ್ತು ಸ್ಲೈಡ್‌ಗೆ ಫೈಲ್ ತುಂಬಾ ದೊಡ್ಡದಾಗಿದ್ದರೆ ಸಾಮಾನ್ಯವಾಗಿ ಕಾರಣ ಎರಡು. ಫೋನ್‌ನಿಂದ ತೆಗೆದ ಫೋಟೋವನ್ನು ಹಾಗೇ ಹಾಕಿರುತ್ತೇವೆ, ಸ್ಲೈಡ್‌ನಲ್ಲಿ ಅದು ಅಂಗೈಯಷ್ಟೇ ಕಂಡರೂ ಪಿಡಿಎಫ್ ಒಳಗೆ ಪೂರ್ತಿ ಫೋಟೋ ಕೂತಿರುತ್ತದೆ. ಇನ್ನೊಂದು, ಮಸುಕು ನೆರಳು ಮತ್ತು ಬ್ಲರ್. ಇವನ್ನು ಪಿಡಿಎಫ್‌ನಲ್ಲಿ ಗೆರೆಯಾಗಿ ಬರೆಯಲು ಆಗದೆ ಕ್ರೋಮ್ ಚಿತ್ರವಾಗಿ ಸೇರಿಸುತ್ತದೆ. ಪ್ರಿಂಟ್‌ಗೆ ಮಾತ್ರ ಅನ್ವಯಿಸುವ ಸಿಎಸ್‌ಎಸ್‌ನಲ್ಲಿ ನೆರಳು ತೆಗೆದುಬಿಡಿ, ಯಾರಿಗೂ ಅದರ ಕೊರತೆ ಕಾಣುವುದಿಲ್ಲ. ಹಿನ್ನೆಲೆ ಬಣ್ಣ ಬರುತ್ತಿಲ್ಲವಾದರೆ ಅಲ್ಲೇ ಪ್ರಿಂಟ್-ಕಲರ್-ಅಡ್ಜಸ್ಟ್ ಅನ್ನು ಎಕ್ಸಾಕ್ಟ್ ಮಾಡಿ.

ಮೂಲದಲ್ಲಿ ಸರಿಮಾಡಲು ಆಗದಿದ್ದರೆ ಪಿಡಿಎಫ್ ಅನ್ನು ಚಿಕ್ಕದು ಮಾಡಬಲ್ಲ ಗೋಸ್ಟ್‌ಸ್ಕ್ರಿಪ್ಟ್ ಇದೆ:

ಜಿಎಸ್ -ಎಸ್‌ಡಿವೈಸ್=ಪಿಡಿಎಫ್‌ರೈಟ್ -ಡಿಪಿಡಿಎಫ್‌ಸೆಟ್ಟಿಂಗ್ಸ್=/ಈಬುಕ್ -ಡಿನೋಪಾಸ್ -ಡಿಬ್ಯಾಚ್ -ಒ ಚಿಕ್ಕದು.ಪಿಡಿಎಫ್ ಸ್ಲೈಡ್ಸ್.ಪಿಡಿಎಫ್

ಇದರಲ್ಲಿ ಡಿವೈಸ್, ಪಿಡಿಎಫ್‌ಸೆಟ್ಟಿಂಗ್ಸ್, ನೋಪಾಸ್, ಬ್ಯಾಚ್ ಇವೆಲ್ಲ ಪೂರ್ತಿ ದೊಡ್ಡಕ್ಷರ, ಅವುಗಳ ಮುಂದೆ ಅಂಟಿಕೊಂಡ ಎಸ್ ಮತ್ತು ಡಿ ಸಣ್ಣಕ್ಷರ. ಔಟ್‌ಪುಟ್ ಹೆಸರಿನ ಮುಂದಿನ ಒ ಸಣ್ಣಕ್ಷರವೇ. ಈಬುಕ್ ಅಂದರೆ ಚಿತ್ರಗಳನ್ನು ಇಂಚಿಗೆ 150 ಚುಕ್ಕಿಗೆ ಇಳಿಸುತ್ತದೆ. ಸ್ಕ್ರೀನ್ ಅಂತ ಕೊಟ್ಟರೆ 72ಕ್ಕೆ ಇಳಿಸುತ್ತದೆ, ಅದರಲ್ಲಿ ಸ್ಕ್ರೀನ್‌ಶಾಟ್‌ನ ಸಣ್ಣ ಅಕ್ಷರ ಓದಲು ಆಗುವುದಿಲ್ಲ, ನಾನಂತೂ ಬಳಸುವುದಿಲ್ಲ. ಮೂಲ ಪಿಡಿಎಫ್ ಅನ್ನು ಅಳಿಸಬೇಡಿ, ಹೊಸ ಹೆಸರಲ್ಲೇ ಬರೆಯಿರಿ. ಮುಗಿದ ಮೇಲೆ ಲಿಂಕ್‌ಗಳು ಕೆಲಸ ಮಾಡುತ್ತವಾ ಅಂತ ಒಂದೆರಡು ಒತ್ತಿ ನೋಡಿ.

ಎರಡು ಪಿಡಿಎಫ್ ಸೇರಿಸಲು ಪಾಪ್ಲರ್‌ನಲ್ಲೇ ಪಿಡಿಎಫ್‌ಯುನೈಟ್ ಇದೆ. ನಡುವಿನ ಹಾಳೆ ತೆಗೆಯಲು ಕ್ಯುಪಿಡಿಎಫ್ ಅನ್ನುವ ಟೂಲ್ ಒಳ್ಳೆಯದು.

ಎಲ್ಲಾ ಸರಿಯಾದ ಮೇಲೆ ಆ ಕಮಾಂಡ್‌ಗಳನ್ನು ಒಂದು ಶೆಲ್ ಫೈಲ್‌ಗೆ ಹಾಕಿ ಸ್ಲೈಡ್ ಜೊತೆಗೇ ಗಿಟ್‌ನಲ್ಲಿ ಇಡಿ. ನನ್ನ ಫೈಲ್‌ನಲ್ಲಿ ಇರುವುದು ನಾಲ್ಕೇ ಕೆಲಸ: ಸರ್ವರ್ ಶುರು ಮಾಡು, ಒಂದೆರಡು ಸೆಕೆಂಡ್ ಕಾದು ಪಿಡಿಎಫ್ ತೆಗೆ, ಸರ್ವರ್ ನಿಲ್ಲಿಸು, ಪಿಡಿಎಫ್‌ಇನ್ಫೊದಿಂದ ಹಾಳೆಗಳ ಸಂಖ್ಯೆ ತೋರಿಸು. ಸಂಖ್ಯೆ ಹೋದ ಸಲಕ್ಕಿಂತ ತುಂಬಾ ಬೇರೆ ಬಂದರೆ ಮಾತ್ರ ಫೈಲ್ ತೆರೆದು ಎಲ್ಲಿ ತಪ್ಪಿತು ಅಂತ ಹುಡುಕುತ್ತೇನೆ. ಇಲ್ಲದಿದ್ದರೆ ಪುಟ್ಟ ಚಿತ್ರಗಳ ಮೇಲೆ ಒಂದು ಸಲ ಕಣ್ಣಾಡಿಸಿ ಕಳಿಸುತ್ತೇನೆ.